ಹಳೆಯ ಆಡಿ ಟಿಟಿಗೆ ಯಾವ ಎಂಜಿನ್ ಆಯಿಲ್? ಮಡಿಕೇರಿ ಮಳೆ, ಕಡಿಮೆ ಓಡಾಟ

ಮಡಿಕೇರಿ ಮಂಜು:

ಎಲ್ಲರಿಗೂ ನಮಸ್ಕಾರ. ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನಿಂದ 2012ರ ಆಡಿ ಟಿಟಿ ಕಾರೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. 2.0 ಟಿಎಫ್‌ಎಸ್‌ಐ ಟರ್ಬೊ ಪೆಟ್ರೋಲ್ ಎಂಜಿನ್, 211 ಅಶ್ವಶಕ್ತಿ, ಓಡಿರುವುದು 68,000 ಕಿ.ಮೀ. ನಮ್ಮ ಮನೆ ಪೇಟೆಯಿಂದ ನಾಲ್ಕು ಕಿ.ಮೀ. ದೂರದಲ್ಲಿದೆ. ವಾರವಿಡೀ ಪೇಟೆಗೆ ಹೋಗಿ ಬರುವುದಷ್ಟೇ. ತಿಂಗಳಿಗೊಮ್ಮೆ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತೇನೆ. ವರ್ಷಕ್ಕೆ ಹೆಚ್ಚೆಂದರೆ ಐದು ಸಾವಿರ ಕಿ.ಮೀ. ಆದೀತು.

ಕೊಂಡ ಹೊಸದರಲ್ಲಿ ಒಂದು ಗ್ಯಾರೇಜಿನಲ್ಲಿ ಆಯಿಲ್ ಬದಲಾಯಿಸಿದರು. ಬಿಲ್ಲಿನಲ್ಲಿ ಆಯಿಲಿನ ದಪ್ಪದ ಗುರುತಾಗಿ ‘5ಡಬ್ಲ್ಯೂ-30 ಸಿಂಥೆಟಿಕ್’ ಎಂದಷ್ಟೇ ಇದೆ, ಡಬ್ಬವನ್ನು ನಾನು ನೋಡಲಿಲ್ಲ. ಅಂದಿನಿಂದ ಎರಡು ಬಾರಿ ಹಳದಿ ಆಯಿಲ್ ದೀಪ ಹೊತ್ತಿಕೊಂಡಿತು. ನನ್ನ ಅಂದಾಜಿನಲ್ಲಿ 1,500 ಕಿ.ಮೀ.ಗೆ ಒಂದು ಲೀಟರ್ ಖಾಲಿಯಾಗುತ್ತಿದೆ. ಗೆಳೆಯರೊಬ್ಬರು ಸ್ಪೋರ್ಟ್ಸ್ ಕಾರಿಗೆ 10ಡಬ್ಲ್ಯೂ-60 ಹಾಕಬೇಕು, ದಪ್ಪ ಆಯಿಲ್ ಸುಟ್ಟುಹೋಗುವುದಿಲ್ಲ ಎನ್ನುತ್ತಾರೆ. ನಮ್ಮ ತೋಟದ ಲೆಕ್ಕ ನೋಡುವ ರೈಟರಂತೂ ಜೀಪಿಗೂ ಟಿಲ್ಲರಿಗೂ ತಂದಿಟ್ಟಿರುವ ಬ್ಯಾರೆಲ್ಲಿನ 15ಡಬ್ಲ್ಯೂ-40 ಸಾಕು, ಸುಮ್ಮನೆ ದುಡ್ಡು ಯಾಕೆ ಸುರಿಯುತ್ತೀರಿ ಎಂದು ನಗುತ್ತಾರೆ. ಇದರ ನಡುವೆ ಈ ಕಕ್ಕಡದ ಮಳೆಯಲ್ಲಿ ಆಯಿಲ್ ಮುಚ್ಚಳ ತೆಗೆದರೆ ಒಳಭಾಗಕ್ಕೆ ಹಾಲಿನ ಕೆನೆಯಂಥದ್ದು ಅಂಟಿಕೊಂಡಿರುವುದು ಕಂಡು ಗಾಬರಿಯಾಯಿತು. ಯಾವ ಆಯಿಲ್ ಹಾಕಲಿ, ಎಷ್ಟು ದಿನಕ್ಕೊಮ್ಮೆ ಬದಲಾಯಿಸಲಿ, ಮನೆಯಲ್ಲೇ ಮಾಡಬಹುದೇ? ತಿಳಿದವರು ದಯವಿಟ್ಟು ಹೇಳಿ.

ಕುಶಾಲನಗರದ ಹಳೇ ಮೆಕ್ಯಾನಿಕ್:

ಮಂಜು ಅವರೇ, ಡಬ್ಬದ ಮುಂದೆ ದೊಡ್ಡದಾಗಿ ಅಚ್ಚಾಗಿರುವ ಅಂಕಿಯನ್ನು ಸ್ವಲ್ಪ ಹೊತ್ತು ಮರೆತು, ಹಿಂದೆ ಸಣ್ಣಕ್ಷರದಲ್ಲಿರುವುದನ್ನು ಓದಿ. ನಿಮ್ಮ ಎಂಜಿನ್ನಿಗೆ ಬೇಕಾದದ್ದು ‘ವಿಡಬ್ಲ್ಯೂ 502 00’ ಅಥವಾ ‘ವಿಡಬ್ಲ್ಯೂ 504 00’ ಅನುಮೋದನೆ (ವಿಡಬ್ಲ್ಯೂ ಎಂದರೆ ಆಡಿಯ ಮಾತೃಸಂಸ್ಥೆ ಫೋಕ್ಸ್‌ವ್ಯಾಗನ್). ಅದರಲ್ಲೂ ‘ಅನುಮೋದಿತ’ ಎಂದು ಬರೆದಿರುವುದಕ್ಕೂ ‘ಈ ಕಾರುಗಳಿಗೆ ಸೂಕ್ತ’ ಎಂದು ಬರೆದಿರುವುದಕ್ಕೂ ಅಂತರವಿದೆ. ಮೊದಲನೆಯದನ್ನು ಕಾರು ಕಂಪನಿ ಪರೀಕ್ಷಿಸಿ ಒಪ್ಪಿರುತ್ತದೆ, ಎರಡನೆಯದು ಆಯಿಲ್ ಮಾರುವವರ ಮಾತು.

ಬಿಲ್ಲಿನಲ್ಲಿ 5ಡಬ್ಲ್ಯೂ-30 ಎಂದಷ್ಟೇ ಇದ್ದರೆ ಏನೂ ತಿಳಿಯುವುದಿಲ್ಲ. 150 ಡಿಗ್ರಿ ಬಿಸಿಯಲ್ಲಿ, ಬೇರಿಂಗಿನ ನಡುವೆ ಅರೆಯಲ್ಪಡುವಾಗ ಆಯಿಲ್ ಎಷ್ಟು ಗಟ್ಟಿಯಾಗಿ ಉಳಿಯುತ್ತದೆ ಎಂಬುದಕ್ಕೆ ಎಚ್‌ಟಿಎಚ್‌ಎಸ್ ಎಂಬ ಅಳತೆ ಇದೆ. ಮೇಲಿನ ಎರಡೂ ಅನುಮೋದನೆಗಳಿಗೆ ಅದು ಕನಿಷ್ಠ 3.5 ಇರಬೇಕು. ಆದರೆ ಮೈಲೇಜಿಗಾಗಿ ತೆಳುವಾಗಿ ತಯಾರಿಸಿದ 5ಡಬ್ಲ್ಯೂ-30 ಆಯಿಲ್‌ಗಳೂ ಅಂಗಡಿಯಲ್ಲಿ ಅದೇ ಹೆಸರಿನಲ್ಲೇ ಸಿಗುತ್ತವೆ, ಅವುಗಳಲ್ಲಿ ಈ ಅಳತೆ 3.5ಕ್ಕಿಂತ ಕಡಿಮೆ. ನಿಮ್ಮ ಟರ್ಬೊಗೆ ಅವು ಸಲ್ಲವು.

ನನ್ನ ಆಯ್ಕೆ 502 00 ಇರುವ 5ಡಬ್ಲ್ಯೂ-40. 504 00 ಆಯಿಲ್‌ಗಳು ಬೂದಿ ಕಡಿಮೆ ಬರುವಂತೆ, ದೀರ್ಘ ಅವಧಿಯ ಬಳಕೆಗೆಂದು ತಯಾರಾದವು. ಗಂಧಕ ಕಡಿಮೆಯಿರುವ ಪೆಟ್ರೋಲನ್ನು ನಂಬಿಕೊಂಡವು. 2020ರ ಏಪ್ರಿಲ್‌ನಿಂದ ಬಿಎಸ್-6 ಪೆಟ್ರೋಲ್ ಬಂದು ಗಂಧಕ 10 ಪಿಪಿಎಮ್‌ಗೆ (ಹತ್ತು ಲಕ್ಷದಲ್ಲಿ ಹತ್ತು ಭಾಗ) ಇಳಿದಿರುವುದರಿಂದ ಅದನ್ನೂ ಹಾಕಬಹುದು, ತಪ್ಪಿಲ್ಲ. ಆದರೆ ನಿಮ್ಮದು ದಿನಕ್ಕೆ ಎಂಟು ಕಿ.ಮೀ.ಯ ಓಟ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಆಗುತ್ತದೆ. ಪೆಟ್ರೋಲ್ ಹನಿ, ನೀರು, ಆಮ್ಲ ಎಲ್ಲವೂ ಆಯಿಲ್ ಸೇರುತ್ತವೆ. ಆಮ್ಲವನ್ನು ತಡೆಯುವ ಕ್ಷಾರದ ಅಂಶ 502 00 ಆಯಿಲ್‌ಗಳಲ್ಲಿ ಸಾಮಾನ್ಯವಾಗಿ ಹೆಚ್ಚಿರುತ್ತದೆ. 0ಡಬ್ಲ್ಯೂ-40 ಸಿಕ್ಕಿದರೂ ಆಗುತ್ತದೆ. 5ಡಬ್ಲ್ಯೂ ಆಯಿಲ್ ಮೈನಸ್ 30 ಡಿಗ್ರಿಯಲ್ಲಿ ಸ್ಟಾರ್ಟ್ ಆಗುವ ಪರೀಕ್ಷೆ ಪಾಸಾದದ್ದು, ನಮ್ಮ ಮಾಗಿಯ ಚಳಿಗೆ ಅದೇ ಧಾರಾಳ.

10ಡಬ್ಲ್ಯೂ-60 ಬಿಎಂಡಬ್ಲ್ಯೂ ಎಂ3ಯಂಥ ಕೆಲವು ಎಂಜಿನ್‌ಗಳಿಗೆಂದೇ ಹೇಳಿದ ಆಯಿಲ್. ನಿಮ್ಮ ಎಂಜಿನ್ ಬೆಳಗ್ಗೆ ತಣ್ಣಗಿರುವಾಗ ಅದು ಮೇಲಕ್ಕೆ ಏರುವುದೇ ನಿಧಾನ. ರೈಟರ ಬ್ಯಾರೆಲ್ ಜೀಪಿಗೇ ಇರಲಿ. ಅದು ಡೀಸೆಲ್ ಎಂಜಿನ್ನಿಗೆ ಒಳ್ಳೆಯ ಆಯಿಲ್, ಟಿಟಿಗೆ ಬೇಕಾದ ಅನುಮೋದನೆ ಅದಕ್ಕಿಲ್ಲ, ಅಷ್ಟೆ.

ಕಿಲೋಮೀಟರ್ ಲೆಕ್ಕ ಬಿಡಿ, ವರ್ಷಕ್ಕೊಮ್ಮೆ ತಪ್ಪದೆ ಬದಲಾಯಿಸಿ. ಮಳೆಗಾಲದ ಆಯಿಲನ್ನು ಮುಂದಿನ ಮಳೆಗಾಲದವರೆಗೆ ಎಳೆಯಬೇಡಿ.

ಪೊನ್ನಂಪೇಟೆ ತೋಟ:

ಮೆಕ್ಯಾನಿಕ್ ಸರ್ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಮುಚ್ಚಳದ ಕೆನೆಯ ವಿಷಯದಲ್ಲಿ ಈಗಲೇ ಹೆದರಬೇಡಿ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಬರುತ್ತದೆ, ಎಂಜಿನ್ನಿನ ಒಳಗಿನ ಆವಿ ತಣ್ಣನೆಯ ಮುಚ್ಚಳಕ್ಕೆ ತಾಗಿ ನೀರಾಗುವುದರಲ್ಲಿ ಆಶ್ಚರ್ಯವಿಲ್ಲ. ಕೆನೆಯನ್ನು ಬಟ್ಟೆಯಲ್ಲಿ ಒರೆಸಿ, ಒಮ್ಮೆ ಹುಣಸೂರಿನವರೆಗೆ ಓಡಿಸಿ ಬಂದು ಮತ್ತೆ ನೋಡಿ. ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ಕಿನ ತುದಿಯಲ್ಲಿ ಆಯಿಲ್ ಶುದ್ಧ ಕಂದು ಬಣ್ಣದಲ್ಲಿದ್ದು, ಎಂಜಿನ್ ತಣಿಸುವ ಕೂಲಂಟ್ ಮಟ್ಟ ಇಳಿಯದಿದ್ದರೆ ಅದು ಬರೀ ತೇವ. ಡಿಪ್‌ಸ್ಟಿಕ್ಕಿನಲ್ಲೂ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡು, ಕೂಲಂಟೂ ಕಡಿಮೆಯಾಗುತ್ತಿದ್ದರೆ ಮಾತ್ರ ಕಾರನ್ನು ಸ್ಟಾರ್ಟ್ ಮಾಡದೆ ಟೋ ಮಾಡಿಸಿ.

ಮನೆಯಲ್ಲಿ ಖಂಡಿತ ಮಾಡಬಹುದು. ಆದರೆ ಟಿಟಿ ನೆಲಕ್ಕೆ ತೀರಾ ಹತ್ತಿರ. ಕಾಫಿ ಕಣದಂಥ ಗಟ್ಟಿ ಸಮತಟ್ಟು ನೆಲ ಬೇಕು, ಮಳೆಯಲ್ಲಿ ನೆನೆದ ಅಂಗಳದಲ್ಲಿ ಜ್ಯಾಕ್ ಹೂತುಹೋಗುತ್ತದೆ. ಜ್ಯಾಕನ್ನಷ್ಟೇ ನಂಬಿ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಕೊಡಿ. ಎಂಜಿನ್ ಉಗುರುಬೆಚ್ಚಗಿರುವಾಗ ಅಡಿಯ ಪ್ಲಾಸ್ಟಿಕ್ ಶೀಲ್ಡ್ ಬಿಚ್ಚಿ ಇಳಿಸಿ. ಡ್ರೈನ್ ಬೋಲ್ಟನ್ನು ವಾಷರ್ ಸಹಿತ ಹೊಸದನ್ನೇ ಹಾಕಿ 30 ನ್ಯೂಟನ್-ಮೀಟರಿಗೆ ಬಿಗಿಮಾಡಿ, ಉದ್ದ ಪೈಪು ಸಿಕ್ಕಿಸಿ ಬಲ ತೋರಿಸಬೇಡಿ.

ಫಿಲ್ಟರ್ ತೆಗೆದಾಗ ಹಳೆಯ ರಬ್ಬರ್ ರಿಂಗ್ ಅದರ ಜೊತೆಗೇ ಬಂದಿದೆಯೇ ಎಂದು ಕೈಯಾಡಿಸಿ ನೋಡಿ. ಮೂರು ವರ್ಷದ ಹಿಂದೆ ನನ್ನ ಜೀಪಿನಲ್ಲಿ ಹಳೆಯ ರಿಂಗ್ ಎಂಜಿನ್ನಿಗೇ ಅಂಟಿಕೊಂಡಿತ್ತು. ನೋಡದೆ ಅದರ ಮೇಲೆ ಹೊಸದನ್ನು ಬಿಗಿದೆ, ಸ್ಟಾರ್ಟ್ ಮಾಡಿದ ಅರ್ಧ ನಿಮಿಷದಲ್ಲಿ ಲೀಟರುಗಟ್ಟಲೆ ಆಯಿಲ್ ಶೆಡ್ಡಿನ ನೆಲಕ್ಕೆ ಚೆಲ್ಲಿತು. ಮರದ ಪುಡಿ ಹಾಕಿ ಉಜ್ಜಿದರೂ ಆ ಕಲೆ ಇನ್ನೂ ಹೋಗಿಲ್ಲ. ಹೊಸ ರಿಂಗಿಗೆ ಬೆರಳಿನಿಂದ ಸ್ವಲ್ಪ ಹೊಸ ಆಯಿಲ್ ಸವರಿ, ಕೈಯಲ್ಲೇ ಬಿಗಿಮಾಡಿದರೆ ಸಾಕು.

ನಿಮ್ಮ ಎಂಜಿನ್ನಿಗೆ ಫಿಲ್ಟರ್ ಸೇರಿ ಸುಮಾರು 4.6 ಲೀಟರ್ ಹಿಡಿಯುತ್ತದೆ. ನಾಲ್ಕು ಲೀಟರ್ ಹಾಕಿ, ಒಂದು ನಿಮಿಷ ಓಡಿಸಿ ಆಫ್ ಮಾಡಿ, ಕೆಲವು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡುತ್ತಾ ಉಳಿದದ್ದನ್ನು ಹಾಕಿ. ತೆಗೆದ ಆಯಿಲನ್ನು ಗೆದ್ದಲಿಗೆಂದು ಬೇಲಿ ಗೂಟಕ್ಕೆ ಬಳಿಯುವ ಅಭ್ಯಾಸ ನಮ್ಮಲ್ಲಿ ಬಹಳ, ನಾನೂ ಮಾಡುತ್ತಿದ್ದೆ. ಮಳೆಗೆ ತೊಳೆದು ಅದು ತೋಡಿಗೇ ಸೇರುತ್ತದೆ, ತೋಡು ಹೊಳೆಗೆ. ಕ್ಯಾನಿಗೆ ತುಂಬಿಸಿ, ಹಳೆಯ ಆಯಿಲ್ ತೆಗೆದುಕೊಳ್ಳುವ ಸರ್ವೀಸ್ ಸ್ಟೇಷನ್ನಿಗೆ ಕೊಡಿ. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ.

ಮಡಿಕೇರಿ ಮಂಜು:

ಇಬ್ಬರಿಗೂ ಧನ್ಯವಾದಗಳು. ಕೂಲಂಟ್ ಇಳಿದಿಲ್ಲ, ಡಿಪ್‌ಸ್ಟಿಕ್ಕಿನಲ್ಲಿ ಕೆನೆಯಿಲ್ಲ. ಆದರೆ 1,500 ಕಿ.ಮೀ.ಗೆ ಒಂದು ಲೀಟರ್ ಇಳಿಯುವುದು 5ಡಬ್ಲ್ಯೂ-40 ಹಾಕಿದರೆ ನಿಲ್ಲುತ್ತದೆಯೇ?

ಕುಶಾಲನಗರದ ಹಳೇ ಮೆಕ್ಯಾನಿಕ್:

ಸ್ವಲ್ಪ ಕಡಿಮೆಯಾಗಬಹುದು, ನಿಲ್ಲುತ್ತದೆಂದು ಹೇಳಲಾರೆ. ಸಾವಿರ ಕಿ.ಮೀ.ಗೆ ಅರ್ಧ ಲೀಟರ್‌ವರೆಗೆ ಇಳಿಯಬಹುದೆಂದು ಆಡಿಯ ಕೈಪಿಡಿಯೇ ಹೇಳುತ್ತದೆ. ನಿಮ್ಮದು ಲೆಕ್ಕ ಹಾಕಿದರೆ ಅದನ್ನೂ ಮೀರಿದೆ. ಆ ಕಾಲದ ಈ ಎಂಜಿನ್‌ಗಳಲ್ಲಿ ಪಿಸ್ಟನ್ನಿನ ಆಯಿಲ್ ರಿಂಗ್ ಬಳಿಯ ಸಣ್ಣ ರಂಧ್ರಗಳು ಇಂಗಾಲ ಕಟ್ಟಿ ಮುಚ್ಚಿಕೊಳ್ಳುತ್ತವೆ. ಹಾಗಾಗಿದ್ದರೆ ಯಾವ ಡಬ್ಬದ ಆಯಿಲೂ ಅದನ್ನು ಬಿಡಿಸದು. ರಿಂಗಿಗೆ ಕೈ ಹಾಕುವ ಮೊದಲು ಕ್ರ್ಯಾಂಕ್‌ಕೇಸಿನ ಆವಿಯನ್ನು ಹೊರಹಾಕುವ ಪಿಸಿವಿ ವಾಲ್ವನ್ನು ನೋಡಿಸಿ, ಅದು ಹರಿದಿದ್ದರೂ ಆಯಿಲ್ ಹೀಗೆಯೇ ಸುಡುತ್ತದೆ, ರಿಪೇರಿಯೂ ಅಗ್ಗ.

ಹೊಸ ಆಯಿಲ್ ಹಾಕಿದ ದಿನ ಮೀಟರಿನ ಅಂಕಿ ಬರೆದಿಟ್ಟುಕೊಂಡು, ಐನೂರು ಕಿ.ಮೀ.ಗೊಮ್ಮೆ ಅದೇ ಜಾಗದಲ್ಲಿ ಕಾರು ನಿಲ್ಲಿಸಿ ಡಿಪ್‌ಸ್ಟಿಕ್ ನೋಡಿ. ದೀಪ ಹೊತ್ತುವವರೆಗೆ ಕಾಯಬೇಡಿ, ಈ ಎಂಜಿನ್ನಿನ ಟೈಮಿಂಗ್ ಚೈನ್ ಟೆನ್ಷನರ್ ಆಯಿಲಿನ ಒತ್ತಡದಿಂದಲೇ ಚೈನನ್ನು ಬಿಗಿ ಹಿಡಿಯುತ್ತದೆ. ಹಾಗೆಂದು ಗುರುತಿಗಿಂತ ಮೇಲಕ್ಕೂ ತುಂಬಿಸಬೇಡಿ. ಹೆಚ್ಚಾದ ಆಯಿಲನ್ನು ಕ್ರ್ಯಾಂಕ್ ಮಜ್ಜಿಗೆಯಂತೆ ಕಡೆದು ನೊರೆ ಮಾಡುತ್ತದೆ. ಸಂಪಾಜೆ ಏರಿ ಬಂದ ದಿನ ಕೊನೆಯ ಒಂದೆರಡು ಕಿ.ಮೀ. ನಿಧಾನವಾಗಿ ಬನ್ನಿ, ಟರ್ಬೊ ತಣಿಯಲಿ. ಗೇರ್‌ಬಾಕ್ಸಿನ ಆಯಿಲ್ ಬೇರೆಯೇ, ಅದಕ್ಕೆ 60,000 ಕಿ.ಮೀ. ಗಡುವು. ನಿಮ್ಮದು 68,000 ಓಡಿದೆ, ಬದಲಾಯಿಸಿದ ದಾಖಲೆ ಇದೆಯೇ ಎಂದು ಹಳೆಯ ಬಿಲ್ಲುಗಳಲ್ಲಿ ಹುಡುಕಿ.

ಮಡಿಕೇರಿ ಮಂಜು:

ಹುಡುಕಿದೆ ಸರ್, ಗೇರ್‌ಬಾಕ್ಸಿನ ಬಿಲ್ಲು ಎಲ್ಲೂ ಇಲ್ಲ. 502 00 ಅನುಮೋದನೆಯ ಐದು ಲೀಟರ್ 5ಡಬ್ಲ್ಯೂ-40, ಫಿಲ್ಟರ್, ಬೋಲ್ಟ್ ಮೈಸೂರಿನಿಂದ ತರಿಸುತ್ತಿದ್ದೇನೆ. ಮಳೆ ಎರಡು ದಿನ ಬಿಟ್ಟರೆ ಕಣದಲ್ಲೇ ಬದಲಾಯಿಸಿ, ಐನೂರು ಕಿ.ಮೀ. ಆದ ಮೇಲೆ ಡಿಪ್‌ಸ್ಟಿಕ್ಕಿನ ಲೆಕ್ಕ ಇಲ್ಲೇ ಬರೆಯುತ್ತೇನೆ.