ಕೋಚಿಂಗ್ ಆ್ಯಪ್‌ನ ವಿಡಿಯೊಗಳಿಗೆ ಡಿಆರ್‌ಎಂ: ದುಡ್ಡು ಎಲ್ಲಿ ಹಾಕಬೇಕು?

ತರಗತಿ_ಆ್ಯಪ್
ಕೆಎಎಸ್, ಪಿಎಸ್‌ಐ ಪರೀಕ್ಷೆಗಳ ರೆಕಾರ್ಡೆಡ್ ತರಗತಿಗಳ ಆ್ಯಪ್ ನಮ್ಮದು. ಸುಮಾರು 2,000 ವಿದ್ಯಾರ್ಥಿಗಳಿದ್ದಾರೆ. ಹೆಚ್ಚಿನವರ ಬಳಿ ಕಡಿಮೆ ಬೆಲೆಯ ಆಂಡ್ರಾಯ್ಡ್, ಕೆಲವರ ಬಳಿ ಐಫೋನ್. ಈಗ ಎಚ್‌ಎಲ್‌ಎಸ್ (ವಿಡಿಯೊವನ್ನು ತುಣುಕುಗಳಾಗಿ ಕಳುಹಿಸುವ ವಿಧಾನ) ಜೊತೆ ಎಇಎಸ್-128 ಎನ್‌ಕ್ರಿಪ್ಷನ್ ಹಾಕಿದ್ದೇವೆ, ಆದರೂ ವಿಡಿಯೊಗಳು ಹೊರಗೆ ಹರಿದಾಡುತ್ತಿವೆ. ಸ್ವಂತ ಎನ್‌ಕ್ರಿಪ್ಷನ್ ಬರೆದರೆ ಅಗ್ಗ ಅನ್ನುತ್ತಾರೆ ನಮ್ಮ ಡೆವಲಪರ್. ಅದು ಸಾಕೇ, ಡಿಆರ್‌ಎಂಗೇ (ನಕಲು ತಡೆಯುವ ಸಿದ್ಧ ವ್ಯವಸ್ಥೆ) ಹೋಗಬೇಕೇ? ಆಫ್‌ಲೈನ್ ಡೌನ್‌ಲೋಡ್ ಮಾತ್ರ ಬೇಕೇ ಬೇಕು.

ಪ್ಯಾಕೇಜರ್
ಸ್ವಂತದ್ದು ಬೇಡ ಸರ್. ಯಾರೂ ಎಇಎಸ್ ಮುರಿದಿಲ್ಲ, ಕೀಯನ್ನು ನೀವೇ ಕೊಡುತ್ತಿದ್ದೀರಿ. ತುಣುಕುಗಳ ಪಟ್ಟಿಯಾದ ಪ್ಲೇಲಿಸ್ಟ್‌ನಲ್ಲೇ ಕೀಯ ವಿಳಾಸ ಇರುತ್ತದೆ. ಲಾಗಿನ್ ಆದವರು ಆ 16 ಬೈಟ್ ಇಳಿಸಿಕೊಂಡರೆ ಎಫ್‌ಎಫ್‌ಎಂಪೆಗ್ ಎಂಬ ಉಚಿತ ವಿಡಿಯೊ ಸಾಧನದಲ್ಲಿ ಎಂಪಿ4 ಸಿದ್ಧ. ನಿಮ್ಮ ಡೆವಲಪರ್ ಏನೇ ಬರೆದರೂ ಕೀ ಕೊನೆಗೆ ಆ್ಯಪ್‌ನ ಮೆಮೊರಿಗೆ ಬರಲೇಬೇಕು, ಅಲ್ಲಿಂದ ತೆಗೆಯುವುದು ಕಷ್ಟವಲ್ಲ.

ಡಿಆರ್‌ಎಂಗೇ ಹೋಗಿ: ಆಂಡ್ರಾಯ್ಡ್‌ಗೆ ಗೂಗಲ್‌ನ ವೈಡ್‌ವೈನ್, ಐಫೋನ್‌ಗೆ ಆಪಲ್‌ನ ಫೇರ್‌ಪ್ಲೇ ತೆಗೆದುಕೊಳ್ಳಿ. ವೈಡ್‌ವೈನ್‌ನಲ್ಲಿ ಭದ್ರತೆಯ ಮಟ್ಟಗಳಿವೆ. ಎಲ್1 ಮಟ್ಟ ಇರುವ ಫೋನ್‌ನಲ್ಲಿ ಡಿಕ್ರಿಪ್ಷನ್, ಡಿಕೋಡಿಂಗ್ ಎರಡೂ ಪ್ರೊಸೆಸರ್‌ನ ಸುರಕ್ಷಿತ ಭಾಗದಲ್ಲೇ ನಡೆಯುತ್ತವೆ. ಎಲ್3ರಲ್ಲಿ ಎಲ್ಲವೂ ಸಾಫ್ಟ್‌ವೇರ್. ಅದನ್ನು ಮುರಿದಿದ್ದಾಗಿ ಸಂಶೋಧಕರೊಬ್ಬರು 2019ರಲ್ಲೇ ಪ್ರಕಟಿಸಿದ್ದರು. ಹಾಗಾಗಿ ಎಲ್3ಗೆ 480ಪಿ, ಎಲ್1ಗೆ 720ಪಿ ಕೊಡಿ, ಎರಡಕ್ಕೂ ಬೇರೆ ಬೇರೆ ಕೀ ಇರಲಿ. ಒಂದೇ ಕೀ ಇಟ್ಟರೆ ಎಲ್3 ಫೋನ್‌ನಿಂದ ತೆಗೆದ ಕೀಯಲ್ಲೇ 720ಪಿಯೂ ತೆರೆದುಕೊಳ್ಳುತ್ತದೆ. ಬಹಳ ಕಡೆ ಎಡವುವುದು ಇಲ್ಲೇ.

ವಿಡಿಯೊಗಳನ್ನು ಎನ್‌ಕ್ರಿಪ್ಟ್ ಮಾಡಿ ಸಿದ್ಧಪಡಿಸುವ ಶಾಕಾ ಪ್ಯಾಕೇಜರ್‌ನಲ್ಲಿ ಎನ್‌ಕ್ರಿಪ್ಷನ್ ಸ್ಕೀಮ್ ಸಿಬಿಸಿಎಸ್ (cbcs) ಎಂದು ಕೊಟ್ಟರೆ ಒಂದೇ ಸೆಟ್ ಫೈಲ್ ಎರಡೂ ಕಡೆ ನಡೆಯುತ್ತದೆ. ಆಂಡ್ರಾಯ್ಡ್ 7.1ಕ್ಕಿಂತ ಹಳೆಯ ಫೋನ್‌ಗಳು ಎಷ್ಟಿವೆ ಎಂದು ಮೊದಲೇ ಲೆಕ್ಕ ಹಾಕಿ, ಅವಕ್ಕೆ ಸೆನ್ಕ್ (cenc) ಸ್ಕೀಮ್‌ನ ಇನ್ನೊಂದು ಪ್ರತಿ ಬೇಕಾಗುತ್ತದೆ. ಶುರುವಿನಲ್ಲಿ ಎಷ್ಟು ಹೊತ್ತು ಎನ್‌ಕ್ರಿಪ್ಷನ್ ಬೇಡ ಎಂದು ಹೇಳುವ ಕ್ಲಿಯರ್ ಲೀಡ್ ಆಯ್ಕೆಯನ್ನು ಹೇಳದೆ ಬಿಟ್ಟರೆ ಮೊದಲ 5 ಸೆಕೆಂಡು ಬೀಗವಿಲ್ಲದೆ ಹೋಗುತ್ತದೆ, 0 ಕೊಡಿ.

ಲೈಸೆನ್ಸ್_ಲಾಗ್
ಖರ್ಚಿನ ವಿಷಯ. ವೈಡ್‌ವೈನ್‌ಗೆ ಗೂಗಲ್ ಲೈಸೆನ್ಸ್ ಶುಲ್ಕ ಕೇಳುವುದಿಲ್ಲ. ಫೇರ್‌ಪ್ಲೇಗೆ ವರ್ಷಕ್ಕೆ 99 ಡಾಲರ್‌ನ ಆಪಲ್ ಡೆವಲಪರ್ ಖಾತೆ ಬೇಕು. ನಿಜವಾದ ಬಿಲ್ ಬರುವುದು ಎರಡಕ್ಕೂ ಲೈಸೆನ್ಸ್ (ವಿಡಿಯೊ ತೆರೆಯಲು ಫೋನ್‌ಗೆ ಕೊಡುವ ಕೀ, ಅನುಮತಿ) ಕೊಡುವ ಮಲ್ಟಿ-ಡಿಆರ್‌ಎಂ ಸೇವೆಯಿಂದ, ಅಲ್ಲಿ ಸಾಮಾನ್ಯವಾಗಿ ಕೊಟ್ಟ ಲೈಸೆನ್ಸ್‌ಗಳ ಲೆಕ್ಕ. ದಿನಕ್ಕೆ ತಲಾ 3 ವಿಡಿಯೊ ಅಂದರೂ 2,000 × 3 × 30 = ತಿಂಗಳಿಗೆ 1,80,000 ಲೈಸೆನ್ಸ್. ಆಫ್‌ಲೈನ್ ಲೈಸೆನ್ಸ್ ಫೋನ್‌ನಲ್ಲೇ ಉಳಿಯುವುದರಿಂದ ಅದೇ ಪಾಠವನ್ನು ಮತ್ತೆ ನೋಡುವವರಿಗೆ ಹೊಸದು ಬೇಕಿಲ್ಲ. ಆದರೆ ಸರ್ವರ್‌ನ ಪಾಲಿಸಿಯಲ್ಲಿ ಉಳಿಸಿಕೊಳ್ಳುವ ಅನುಮತಿ ಕೊಡದಿದ್ದರೆ ಡೌನ್‌ಲೋಡ್ ಮುಗಿದರೂ ವಿಡಿಯೊ ಓಡುವುದಿಲ್ಲ. ಅವಧಿ 30 ದಿನ ಇಡಿ. ನೆಟ್ ಸಿಕ್ಕಾಗ, ಅವಧಿ ಮುಗಿಯುವ ಮೊದಲೇ ಆ್ಯಪ್ ನವೀಕರಿಸಿಕೊಳ್ಳಲಿ. ಆ್ಯಪ್ ಅಳಿಸಿ ಮತ್ತೆ ಹಾಕಿದರೆ ಲೈಸೆನ್ಸ್ ಹೊಸದಾಗಿ ಬೇಕು.

ಫೇರ್‌ಪ್ಲೇ ಅರ್ಜಿಯನ್ನು ಖಾತೆಯ ಮಾಲೀಕರೇ ಹಾಕಬೇಕು, ಏಜೆನ್ಸಿ ಹೆಸರಿನಲ್ಲಿ ಬೇಡ. ಆಗ ಸಿಗುವ ಎಎಸ್‌ಕೆ (ನಿಮ್ಮ ಖಾತೆಯ ಗುಪ್ತ ಕೀ) ಒಂದೇ ಸಲ ಕಾಣಿಸುತ್ತದೆ, ತಕ್ಷಣ ಭದ್ರವಾಗಿ ಇಟ್ಟುಕೊಳ್ಳಿ. ಪರೀಕ್ಷೆಗೆ ನಿಜವಾದ ಐಫೋನೇ ಬೇಕು, ಸಿಮ್ಯುಲೇಟರ್‌ನಲ್ಲಿ ಫೇರ್‌ಪ್ಲೇ ಓಡುವುದಿಲ್ಲ.

ಕರಿಹಲಗೆ
480ಪಿ ಮಾತು ನನಗೆ ಒಪ್ಪಿಗೆಯಿಲ್ಲ. ಬೋರ್ಡಿನ ಮೇಲಿನ ಸಣ್ಣ ಅಕ್ಷರ ಅದರಲ್ಲಿ ಓದಲಾಗುವುದಿಲ್ಲ. ಕಡಿಮೆ ಬೆಲೆಯ ಫೋನ್ ಇಟ್ಟುಕೊಂಡ ಪ್ರಾಮಾಣಿಕ ವಿದ್ಯಾರ್ಥಿಗೆ ಯಾಕೆ ಶಿಕ್ಷೆ? ಎಲ್3ಗೂ 540ಪಿ ಕೊಡಿ, ಉಳಿದ ಹಣವನ್ನು ಕದ್ದವರನ್ನು ಹಿಡಿಯುವುದಕ್ಕೆ ಹಾಕಿ. ಇನ್ನೊಂದು ಫೋನಿನ ಕ್ಯಾಮೆರಾ ಹಿಡಿದರೆ ಎಲ್1 ಕೂಡ ತಡೆಯಲಾರದು.

ಪರದೆಯ ಮೇಲೆ ಜಾಗ ಬದಲಿಸುತ್ತಾ ಓಡುವ ರೋಲ್ ನಂಬರ್ ಕ್ಯಾಮೆರಾದಲ್ಲಿ ತೆಗೆದದ್ದನ್ನು ಹಿಡಿಯುತ್ತದೆ. ಆಂಡ್ರಾಯ್ಡ್‌ನಲ್ಲಿ ಫ್ಲ್ಯಾಗ್ ಸೆಕ್ಯೂರ್ (FLAG_SECURE) ಎಂಬ ಸೆಟ್ಟಿಂಗ್ ಹಾಕಿದರೆ ಸ್ಕ್ರೀನ್ ರೆಕಾರ್ಡಿಂಗ್ ಕಪ್ಪಾಗುತ್ತದೆ. ಆದರೆ ರೋಲ್ ನಂಬರ್ ಪ್ಲೇಯರ್ ಮೇಲೆ ಬರೆದದ್ದು, ವಿಡಿಯೊದೊಳಗಿನದ್ದಲ್ಲ. ಕೀ ತೆಗೆದು ಫೈಲನ್ನೇ ಎತ್ತಿದರೆ ಗುರುತೇ ಇರುವುದಿಲ್ಲ. ಅದಕ್ಕೆ ಎ/ಬಿ ವಾಟರ್‌ಮಾರ್ಕ್ ಬೇಕು: ಪ್ರತಿ ತುಣುಕಿಗೂ ಬೇರೆ ಬೇರೆ ಗುರುತಿನ ಎರಡು ಪ್ರತಿ, ಒಬ್ಬೊಬ್ಬರಿಗೂ ಅವುಗಳ ಬೇರೆ ಜೋಡಣೆ, ಅಂದರೆ ಸ್ಟೋರೇಜ್ ಇಮ್ಮಡಿ. 2,000 ಜನರ ಆ್ಯಪ್‌ಗೆ ಅದು ಈಗಲೇ ಬೇಡ. ಬದಲಿಗೆ ಲೈಸೆನ್ಸ್ ಲಾಗ್ ನೋಡಿ: ಒಂದೇ ಖಾತೆ 10 ನಿಮಿಷದಲ್ಲಿ 40 ವಿಡಿಯೊಗಳ ಲೈಸೆನ್ಸ್ ಕೇಳಿದರೆ ಅದು ಓದುವವರ ಕೆಲಸವಲ್ಲ, ಅಲ್ಲೇ ತಡೆಹಿಡಿಯಿರಿ. ಲಾಗ್ ಅಳಿಸಬೇಡಿ. ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಂ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ತಾಂತ್ರಿಕ ರಕ್ಷಣೆಯನ್ನು ಮುರಿಯುವುದು 2 ವರ್ಷದವರೆಗೆ ಜೈಲಾಗಬಹುದಾದ ಅಪರಾಧ. ದೂರು ಕೊಡುವಾಗ ನಿಮ್ಮ ಕೈಯಲ್ಲಿರುವ ಪುರಾವೆ ಆ ಲಾಗೇ.