ಅಪ್‌ಡೇಟ್: ಅಪ್ಪನ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹಾಕಲಿಲ್ಲ
ವಿಂಡೋಸ್ 10ರಿಂದ 11ಕ್ಕೆ ಹೋಗಲಾ ಅಂತ ಕೇಳಿದ್ದೆನಲ್ಲ, ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ನೀವು ಹೇಳಿದ ಹಾಗೆ ಪಿಸಿ ಹೆಲ್ತ್ ಚೆಕ್ (ವಿಂಡೋಸ್ 11 ಹಾಕಬಹುದಾ ಅಂತ ಹೇಳುವ ಮೈಕ್ರೋಸಾಫ್ಟ್ ಆ್ಯಪ್) ಹಾಕಿ ನೋಡಿದೆ. ವಿಂಡೋಸ್ 11ಕ್ಕೆ ಬೇಕಾದ ಸೆಕ್ಯುರಿಟಿ ಚಿಪ್ ಟಿಪಿಎಂ 2.0 ಇದೆ, ಆದರೆ ಪ್ರೊಸೆಸರ್ ಏಳನೇ ಜನರೇಶನ್ ಐ5. ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೆಯದರಿಂದ ಮೇಲಿನವು ಮಾತ್ರ ವಿಂಡೋಸ್ 11 ಒಪ್ಪುವ ಪಟ್ಟಿಯಲ್ಲಿವೆ. ಈ ಪರೀಕ್ಷೆ ತಪ್ಪಿಸಿ ವಿಂಡೋಸ್ 11 ಹಾಕುವ ದಾರಿ ಕೆಲವರು ತಿಳಿಸಿದಿರಿ. ಅಪ್ಪ ಇದರಲ್ಲೇ ಬ್ಯಾಂಕ್ ಕೆಲಸ ಮಾಡುತ್ತಾರೆ, ಹಾಗಾಗಿ ಧೈರ್ಯ ಬರಲಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಸಪೋರ್ಟ್ ಮುಗಿದಿದ್ದರಿಂದ, ಒಂದು ವರ್ಷದ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್‌ಗೆ ಸೇರಿಸಿದೆ. ಹಾರ್ಡ್‌ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿದೆ. ಇದನ್ನು ಮೊದಲೇ ಮಾಡಿಸಬೇಕಿತ್ತು, ಅಷ್ಟು ಬೇಗ ಆನ್ ಆಗುತ್ತಿದೆ! ಈಗ ಪೆನ್‌ಡ್ರೈವ್‌ನಿಂದ ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್ ಮಿಂಟ್ ಓಡಿಸಿ ನೋಡುತ್ತಿದ್ದೇನೆ. ಅಪ್ಪನ ನುಡಿ ಫಾಂಟ್‌ನ ಹಳೇ ಫೈಲ್‌ಗಳನ್ನು ಎಲ್ಲ ಕಡೆ ಓದಲು ಬರುವ ಯೂನಿಕೋಡ್‌ಗೆ ಬದಲಾಯಿಸುವ ಕೆಲಸ ಮಾತ್ರ ಬಾಕಿ ಇದೆ.