‘ಕೃತಕ ಜೀವಕೋಶ’ ಬದ್ಲಿ ‘ಕಟ್ಟು’ ಹಚ್ಚಿ ಒಂದು ಪದ ಆಗತೈತೇನ್ರಿ?

ಎಲ್ಲಾರಿಗೂ ನಮಸ್ಕಾರ್ರಿ. ನಾನು ಜಮಖಂಡಿ ಕಡೆ ಹೈಸ್ಕೂಲ್‌ನಾಗ ವಿಜ್ಞಾನ ಕಲಸ್ತೀನಿ. ಹೋದ ವಾರ ಜೀವಕೋಶದ ಪಾಠ ಮಾಡೂವಾಗ, ಭೂಮಿ ಮ್ಯಾಲೆ ಮೊದಲ ಜೀವ ಹೆಂಗ ಹುಟ್ಟಿತು ಅಂತ ತಿಳ್ಕೊಳ್ಳಾಕ ಲ್ಯಾಬ್‌ನಾಗ ಜೀವಕೋಶನ ಮಾಡಾಕ ಹತ್ಯಾರ ಅಂತ ಹೇಳಿ, ಬೋರ್ಡ್ ಮ್ಯಾಲೆ ‘ಕೃತಕ ಜೀವಕೋಶ’ ಅಂತ ಬರದೆ. ಒಬ್ಬ ಹುಡುಗಿ ಎದ್ದು ‘ಅಂದ್ರ ಡುಪ್ಲಿಕೇಟ್ ಏನ್ರಿ ಸರ್?’ ಅಂದ್ಲು. ಅಕಿದು ತಪ್ಪಿಲ್ಲ, ಕೃತಕ ಹಲ್ಲು, ಕೃತಕ ಕಾಲು, ಕೃತಕ ನಗಿ, ಎಲ್ಲಿ ನೋಡಿದ್ರೂ ಆ ಪದಕ್ಕ ‘ಖರೇದಲ್ಲ’ ಅನ್ನೂದು ಅಂಟಿಕೊಂಡೈತಿ. ‘ಸಂಶ್ಲೇಷಿತ’ ಅರ್ಥಕ್ಕ ಸರಿ, ಬಾಯಾಗ ಹೊಳ್ಳಂಗಿಲ್ಲ. ಬರೇ ಸೆಲ್ ಅಂದ್ರ ಬ್ಯಾಟರಿ ಸೆಲ್.

ಮ್ಯಾಲಿಂದ ಒಂದ ಹೆಸರಿನ್ಯಾಗ ಎರಡು ಕೆಲಸ ಅದಾವು. 2010ರಾಗ ಅಮೆರಿಕಾದ ಕ್ರೇಗ್ ವೆಂಟರ್ ತಂಡದವ್ರು ಒಂದು ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾದ ಪೂರ್ತಿ ಡಿಎನ್‌ಎ, 10 ಲಕ್ಷಕ್ಕೂ ಹೆಚ್ಚು ಅಕ್ಷರದ್ದು, ಜೋಡಿಸಿ ಇನ್ನೊಂದು ಜಾತಿ ಮೈಕೋಪ್ಲಾಸ್ಮಾದ ಒಳಗ ಇಟ್ರು, ಅದು ಬದುಕಿ ಬೆಳೀತು. 2016ರಾಗ ಜೀನ್ ಕಡಿಮಿ ಮಾಡ್ಕೋಂತ 473ಕ್ಕ ತಂದ್ರು, ಅದ್ರಾಗ 149 ಏನ್ ಮಾಡ್ತಾವ ಅಂತ ಆವಾಗ ಅವರಿಗೂ ತಿಳೀಲಿಲ್ಲ, ಇದನ್ನ ಹೇಳಿದಾಗ ಇಡೀ ಕ್ಲಾಸ್ ಸುಮ್ಮ ಕುಂತಿತ್ತು. ಆದ್ರ ಇಲ್ಲಿ ಹೆಪ್ಪು ಹಳೇ ಗಡಿಗಿದ, ಪೊರಿ, ಒಳಗಿನ ರಸ ಎಲ್ಲಾ ಮೊದಲ ಇದ್ದ ಜೀವದ್ದು.

ಇನ್ನೊಂದು ಹೆಪ್ಪಿಲ್ಲದ್ದು. ಜೀವದ ಹುಟ್ಟಿನ ಮ್ಯಾಲೆ ಕೆಲಸ ಮಾಡೂ ವಿಜ್ಞಾನಿ ಜಾಕ್ ಶೋಸ್ಟಾಕ್ ಅವರ ಲ್ಯಾಬ್‌ನಾಗ ಮಾಡಿದ್ದು ನೋಡ್ರಿ, ಫ್ಯಾಟಿ ಆಸಿಡ್, ಅಂದ್ರ ಎಣ್ಣಿ-ಕೊಬ್ಬಿನಾಗ ಇರೂ ಆಮ್ಲ, ನೀರಾಗ ಬಿಟ್ರ ಯಾರೂ ಜೋಡಿಸೂದು ಬ್ಯಾಡ, ತಾನ ಎರಡು ಪದರದ ಗೋಡಿ ಆಗಿ ಸಣ್ಣ ಗುಳ್ಳಿ ಆಗತೈತಿ, ಇನ್ನಷ್ಟು ಫ್ಯಾಟಿ ಆಸಿಡ್ ಹಾಕಿದ್ರ ಉದ್ದಕ ಬೆಳೀತೈತಿ, ಮೆಲ್ಲಕ ಅಲುಗಾಡಿಸಿದ್ರ ತುಂಡಾಗಿ ಮರಿಗುಳ್ಳಿ ಆಗತಾವು. ಇನ್ನೂ ಜೀವ ಅನ್ನೂವಂಥಾದ್ದು ಆಗಿಲ್ಲ, ಆದ್ರ ಜೀವದ ಹುಟ್ಟು ತಿಳೀಬೇಕಂದ್ರ ದಾರಿ ಇದ ಅಂತ ನನಗ ಅನಸ್ತೈತಿ.

ಈಗ ಪದಕ್ಕ ಬರೂಣು. ನಮ್ಮ ‘ಕಟ್ಟು’ ಎರಡೂ ಕಡೆ ನಡೀತೈತಿ ನೋಡ್ರಿ. ಮನಿ ಕಟ್ಟೂದು ಅಂದ್ರ ಗೌಂಡಿ ಬೇಕು. ಹಾಲು ಕಾಸಿ ಇಟ್ರ ಕೆನಿ ಕಟ್ಟತೈತಿ, ತೆನಿ ಕಾಳು ಕಟ್ಟತೈತಿ, ಎಮ್ಮಿ ಗಬ್ಬ ಕಟ್ಟತೈತಿ, ಇಲ್ಲಿ ಕಟ್ಟಾವ ಯಾರೂ ಇಲ್ಲ, ತಾನ ಆಗೂದು. ವೆಂಟರ್ ಅವರದು ಮನಿ ಕಟ್ಟಿದಂಗ, ಗುಳ್ಳೀದು ಕೆನಿ ಕಟ್ಟಿದಂಗ. ಎರಡೂ ಅರ್ಥ ಒಂದ ಧಾತುವಿನಾಗ ಇರೂವಾಗ ಸಂಸ್ಕೃತಕ್ಕ ಯಾಕ ಹೋಗಬೇಕು ಅಂತ ‘ಕಟ್ಟುಕೋಶ’ ಅಂತ ಬರದು ನೋಡಿದೆ, ಬರದ ಕೂಡ್ಲೆ ‘ಕಟ್ಟುಕಥಿ’ ನೆನಪಾತು. ಅದು ಪೂರಾ ಸುಳ್ಳಿನ ಅರ್ಥ, ಮತ್ತ ಆ ಹುಡುಗಿ ‘ಡುಪ್ಲಿಕೇಟ್’ಗೇ ಬಂದು ನಿಂತಂಗಾತು.

ನಾನು ಕೇಳೂದು ಇಷ್ಟರಿ. ‘ಕಟ್ಟು’ ಮುಂದ ಬಂದ ಸಮಾಸ ಎಲ್ಲಾದ್ರಾಗೂ ಈ ಸುಳ್ಳಿನ ವಾಸನಿ ಬರತೈತೇನು, ಇಲ್ಲಾ ಕಥಿ ಜೊತಿಗಷ್ಟ ಹಂಗೇನು? ‘ಕಟ್ಟಿದ ಜೀವಕೋಶ’, ‘ಕಟ್ಟಿಕೊಂಡ ಜೀವಕೋಶ’ ಅಂತ ಎರಡು ಮಾಡಿದ್ರ ನಿಮ್ಮ ಕಿವಿಗೆ ಫರಕ ಕೇಳಸ್ತೈತೇನು? ಮೈಸೂರು, ಮಂಗಳೂರು ಕಡೆಯವ್ರು ಕೆನೆಗೆ ‘ಕಟ್ಟು’ ಅಂತೀರೋ, ಬ್ಯಾರೆ ಏನರ ಅಂತೀರೋ ಅದನ್ನೂ ಹೇಳ್ರಿ. ಸೋಮವಾರ ಆ ಪಾಠ ಮುಂದುವರಸೂದೈತಿ.